ಒಳ್ಳೆ ಬಾಕ್ಸನ್ನೇ ತಳ್ಳುತ್ತಿದ್ದ ಲೈನ್: ಬಾರ್‌ಕೋಡ್ ಸ್ಕ್ಯಾನರ್‌ನ ಟ್ರಿಗರ್, ಟೈಮ್‌ಔಟ್ ಸರಿ ಮಾಡಿದ ಮೂರು ದಿನ

"ಸಾರ್, ಲೇಬಲ್ ಇಲ್ದಿರೋದು ಸಲೀಸಾಗಿ ಹೋಗ್ಬಿಡ್ತದೆ. ಅದಕ್ಕಿಂತ ಮುಂಚೆ ಹೋದ ಒಳ್ಳೆ ಬಾಕ್ಸ್‌ನ ತಳ್ತದೆ. ಊಟ ಆದ್ಮೇಲೆ ಇನ್ನೂ ಜಾಸ್ತಿ."

ಪ್ಯಾಕಿಂಗ್ ಲೈನ್‌ನ ತುದಿಯಲ್ಲಿ ನಿಲ್ಲುವ ಅಕ್ಕ ನನಗೆ ಹೇಳಿದ್ದು ಇಷ್ಟೇ. ಇಡೀ ರೋಗ ಈ ಮಾತಲ್ಲೇ ಇತ್ತು. ಆದರೆ "ಊಟ ಆದ್ಮೇಲೆ ಜಾಸ್ತಿ" ಅನ್ನುವುದನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಒಂದು ದಿನ ಉಳಿಯುತ್ತಿತ್ತು.

ಜಾಗ ಮೈಸೂರಿನ ಒಂದು ಅಗರಬತ್ತಿ ಕಾರ್ಖಾನೆ. ಬತ್ತಿ ತುಂಬಿದ ರಟ್ಟಿನ ಬಾಕ್ಸ್‌ಗಳಿಗೆ ಟೇಪ್ ಹಾಕಿ, ಪಕ್ಕದಲ್ಲಿ ಲೇಬಲ್ ಅಂಟಿಸಿ, ಮೇಲೆ ಶ್ರಿಂಕ್ ಫಿಲ್ಮ್ ಹೊದಿಸಿ ಬೆಲ್ಟ್ ಮೇಲೆ ಬಿಡುತ್ತಾರೆ. ಬೆಲ್ಟ್ ಪಕ್ಕದಲ್ಲಿ ಒಂದು ಫಿಕ್ಸೆಡ್ ಸ್ಕ್ಯಾನರ್ ಇದೆ. ಕ್ಯಾಮೆರಾ ಥರದ್ದು, ಲೇಸರ್ ಅಲ್ಲ. ಬಾಕ್ಸ್ ಬಂದಾಗ ಫೋಟೋ ಸೆನ್ಸರ್ ಅದಕ್ಕೆ ಟ್ರಿಗರ್, ಅಂದರೆ "ಓದು ಶುರು ಮಾಡು" ಅನ್ನುವ ಸಿಗ್ನಲ್ ಕೊಡುತ್ತದೆ. ಸ್ಕ್ಯಾನರ್ ಲೇಬಲ್ ಓದಿ ಪಿಎಲ್‌ಸಿಗೆ (ಲೈನ್ ನಡೆಸುವ ಕಂಟ್ರೋಲರ್) ಉತ್ತರ ಕಳಿಸುತ್ತದೆ. ಓದಲು ಆಗದಿದ್ದರೆ "ನೋ-ರೀಡ್" ಅಂತ ಕಳಿಸುತ್ತದೆ. ಒಂದೂವರೆ ಮೀಟರ್ ಮುಂದೆ ಒಂದು ಗಾಳಿ ಸಿಲಿಂಡರ್ ಇದೆ. ನೋ-ರೀಡ್ ಆದ ಬಾಕ್ಸ್ ಅಲ್ಲಿಗೆ ಬಂದಾಗ ಅದು ಪಕ್ಕದ ಮೇಜಿಗೆ ತಳ್ಳುತ್ತದೆ.

ಆ ಮೇಜಿನ ಮುಂದೆ ನಿಲ್ಲುವವರೇ ಆ ಅಕ್ಕ. ತಳ್ಳಿದ ಪ್ರತಿ ಬಾಕ್ಸನ್ನೂ ತಿರುಗಿಸಿ ನೋಡಬೇಕು. ಲೇಬಲ್ ಸರಿ ಇದ್ದರೆ ಎತ್ತಿ ವಾಪಸ್ ಬೆಲ್ಟ್ ಮೇಲೆ ಇಡಬೇಕು. ಒಂದು ಬಾಕ್ಸ್ 10 ಕೆ.ಜಿ. ಹತ್ತಿರ ಬರುತ್ತದೆ. ಒಂದು ಶಿಫ್ಟ್‌ನಲ್ಲಿ 40–50 ಸಲ ಸುಮ್ನೆ ಎತ್ತಿ ಇಡುವುದು ಅಂದರೆ ಸೊಂಟ ಏನಾಗಬೇಡ. ಇತ್ತ ಲೇಬಲ್ ಇಲ್ಲದ ಬಾಕ್ಸ್‌ಗಳು ಗೋಡೌನ್ ದಾಟಿ ಹೋಗಿ ಅಲ್ಲಿಂದ ದೂರು ಬರುತ್ತಿತ್ತು. ತಳ್ಳಬೇಕಾದ್ದನ್ನು ತಳ್ಳದೆ, ತಳ್ಳಬಾರದ್ದನ್ನು ತಳ್ಳುವ ಲೈನ್ ಇದು. ಸ್ಕ್ಯಾನರೇ ಇಲ್ಲದಿದ್ದರೂ ಇದಕ್ಕಿಂತ ವಾಸಿ.

ಮೊದಲ ದಿನ

ಲ್ಯಾಪ್‌ಟಾಪ್ ಹಚ್ಚಿ ಸ್ಕ್ಯಾನರ್‌ನ ಸೆಟ್ಟಿಂಗ್ ತೆಗೆದೆ. ಟ್ರಿಗರ್ ಮೋಡ್: ಹೊರಗಿನ ಸಿಗ್ನಲ್, ಏರುವ ಅಂಚು. ಅಂದರೆ ಸೆನ್ಸರ್ ಆನ್ ಆದ ಗಳಿಗೆಯಲ್ಲಿ ಓದು ಶುರು. ಡಿಲೇ, ಅಂದರೆ ಟ್ರಿಗರ್ ಬಿದ್ದ ಮೇಲೆ ಓದಲು ಕಾಯುವ ಹೊತ್ತು, 0. ಟೈಮ್‌ಔಟ್, ಅಂದರೆ ಓದಲಾಗದಿದ್ದರೆ ಕೈಬಿಡುವ ಹೊತ್ತು, 2000 ಮಿಲಿಸೆಕೆಂಡ್. ನೋಡಿದ ಕೂಡಲೇ ತಪ್ಪು ಅನ್ನಿಸುವಂಥದ್ದು ಏನೂ ಇರಲಿಲ್ಲ.

ನೋ-ರೀಡ್ ಜಾಸ್ತಿ ಬರುತ್ತಿದೆ ಅಂದಾಗ ಯಾರಿಗಾದರೂ ಮೊದಲು ತೋಚುವುದು ಒಂದೇ: ಪಾಪ, ಅದಕ್ಕೆ ಇನ್ನಷ್ಟು ಟೈಮ್ ಕೊಡೋಣ. ನಾನೂ ಅದನ್ನೇ ಮಾಡಿದೆ. 2000 ಇದ್ದದ್ದನ್ನು 3000 ಮಾಡಿದೆ. ನೋ-ರೀಡ್ ಪೂರ್ತಿ ನಿಂತಿತು. ಒಂದು ಗಂಟೆ ಪರದೆಯಲ್ಲಿ ನೋ-ರೀಡ್ ಸೊನ್ನೆ. ಸೂಪರ್‌ವೈಸರ್ ಬಂದು ನೋಡಿ ಖುಷಿಪಟ್ಟರು, ನಾನೂ ಚಹಾ ಕುಡಿಯಲು ಹೋದೆ.

ವಾಪಸ್ ಬರುವಷ್ಟರಲ್ಲಿ ಅಕ್ಕ ಒಂದು ಬಾಕ್ಸ್ ತೆಗೆದು ಪಕ್ಕಕ್ಕೆ ಇಟ್ಟಿದ್ದರು. ಅದಕ್ಕೆ ಲೇಬಲ್ಲೇ ಇಲ್ಲ. "ಇದೂ ಹೋಗ್ಬಿಡ್ತಿತ್ತು ಸಾರ್, ಕಣ್ಣಿಗೆ ಬಿತ್ತು ಅಂತ ಎತ್ಕೊಂಡೆ" ಅಂದರು.

ಲೇಬಲ್ಲೇ ಇಲ್ಲದ ಬಾಕ್ಸ್‌ಗೆ ಸ್ಕ್ಯಾನರ್ "ಓದಿದೆ" ಅಂತ ಹೇಗೆ ಹೇಳಿತು? ಮಧ್ಯಾಹ್ನ ಲೈನ್ ಖಾಲಿ ಇದ್ದಾಗ ಹತ್ತು ಬಾಕ್ಸ್ ತೆಗೆದುಕೊಂಡು ಮಾರ್ಕರ್‌ನಲ್ಲಿ 1ರಿಂದ 10 ಬರೆದೆ. ನಾಲ್ಕನೆಯದರ ಲೇಬಲ್ ಕಿತ್ತೆ. ಟೈಮ್‌ಔಟ್ ಮತ್ತೆ ಹಳೆಯ 2000ಕ್ಕೆ ತಂದೆ. ಮಾಮೂಲಿ ಅಂತರದಲ್ಲಿ ಒಂದೊಂದಾಗಿ ಬಿಡಲು ಅಕ್ಕನಿಗೆ ಹೇಳಿ, ನಾನು ಸ್ಕ್ಯಾನರ್‌ನ ದೀಪ ಮತ್ತು ಪರದೆ ಎರಡನ್ನೂ ನೋಡುತ್ತಾ ನಿಂತೆ.

ಒಂದು, ಎರಡು, ಮೂರು ಸರಿ. ನಾಲ್ಕನೆಯದು ಬಂತು. ಸ್ಕ್ಯಾನರ್‌ನ ಕೆಂಪು ಬೆಳಕು ಮಿಣುಕುತ್ತಲೇ ಇತ್ತು. ಬಾಕ್ಸ್ ದಾಟಿ ಹೋಯಿತು, ಬೆಳಕು ಆರಲಿಲ್ಲ. ಐದನೆಯ ಬಾಕ್ಸ್ ಬಂತು. ಅದರ ಲೇಬಲ್ ಎದುರಿಗೆ ಬಂದ ಕೂಡಲೇ ಹಸಿರು ದೀಪ, "ಓದಿದೆ" ಅಂತ ಉತ್ತರ. ಆಮೇಲೆ ಆರು, ಏಳು, ಹೀಗೆ. ಕೊನೆಗೆ ಎಣಿಸಿದರೆ ಹತ್ತು ಬಾಕ್ಸ್‌ಗೆ ಒಂಬತ್ತೇ ಉತ್ತರ. ಒಂಬತ್ತೂ ಒಳ್ಳೆಯವು.

ಅಷ್ಟೇ ವಿಷಯ. ನಾಲ್ಕನೆಯದಕ್ಕೆ ಶುರುವಾದ ಓದು ಐದನೆಯದರ ಲೇಬಲ್ ಓದಿ ಮುಗಿಯಿತು. ಸ್ಕ್ಯಾನರ್ ಆ ಹೊತ್ತಿನಲ್ಲಿ ಇನ್ನೂ ಕೆಲಸದಲ್ಲಿ ಇದ್ದದ್ದರಿಂದ ಐದನೆಯ ಬಾಕ್ಸ್ ಕೊಟ್ಟ ಟ್ರಿಗರ್ ಲೆಕ್ಕಕ್ಕೇ ಬರಲಿಲ್ಲ. ಬಾಕ್ಸ್‌ನಿಂದ ಬಾಕ್ಸ್‌ಗೆ 1.25 ಸೆಕೆಂಡ್ ಇರುವ ಲೈನ್‌ಗೆ 2 ಸೆಕೆಂಡ್ ಟೈಮ್‌ಔಟ್ ಕೊಟ್ಟರೆ ಇನ್ನೇನಾಗುತ್ತದೆ? ನಾನು 3 ಸೆಕೆಂಡ್ ಮಾಡಿದಾಗ ನೋ-ರೀಡ್ ಸೊನ್ನೆ ಆದದ್ದು ಸ್ಕ್ಯಾನರ್ ಚೆನ್ನಾಗಿ ಓದಿದ್ದಕ್ಕಲ್ಲ. ಓದಲಾಗದ ಪ್ರತಿ ಬಾಕ್ಸ್‌ಗೂ ಹಿಂದೆ ಬರುವ ಬಾಕ್ಸ್‌ನ ಲೇಬಲ್ ಸಾಲ ಸಿಗುತ್ತಿತ್ತು.

ಈಗ ಅಕ್ಕ ಹೇಳಿದ್ದ ಇನ್ನೊಂದು ಮಾತಿಗೆ ಬರುತ್ತೇನೆ. ನಮ್ಮ ಪಿಎಲ್‌ಸಿ ಸ್ಕ್ಯಾನರ್‌ನ ಉತ್ತರಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತದೆ. ಸಿಲಿಂಡರ್ ಹತ್ತಿರ ಬಾಕ್ಸ್ ಬಂದಾಗ ಸಾಲಿನ ಮೊದಲ ಉತ್ತರ ತೆಗೆದು ಆ ಬಾಕ್ಸ್‌ಗೆ ಹಚ್ಚುತ್ತದೆ. ಐದನೆಯ ಬಾಕ್ಸ್‌ಗೆ ಉತ್ತರವೇ ಬರಲಿಲ್ಲ ಅಂದರೆ ಆರನೆಯದರ ಉತ್ತರ ಐದನೆಯದಕ್ಕೆ, ಏಳನೆಯದರದ್ದು ಆರನೆಯದಕ್ಕೆ. ಅಲ್ಲಿಂದ ಮುಂದೆ ಇಡೀ ಸಾಲು ಒಂದು ಹೆಜ್ಜೆ ಜಾರಿತು. ಆಮೇಲೆ ಯಾವಾಗಲೋ ನಿಜವಾದ ನೋ-ರೀಡ್ ಬಂದರೆ, ಅದಕ್ಕಿಂತ ಮುಂಚೆ ಹೋದ ಒಳ್ಳೆ ಬಾಕ್ಸ್ ಏಟು ತಿನ್ನುತ್ತದೆ. ಇನ್ನೊಮ್ಮೆ ಉತ್ತರ ತಪ್ಪಿದರೆ ಎರಡು ಹೆಜ್ಜೆ. ಬೆಳಿಗ್ಗೆ ಪ್ಯಾನಲ್ ಆನ್ ಮಾಡಿದಾಗ ಸಾಲು ಖಾಲಿ ಇರುತ್ತದೆ, ಎಲ್ಲ ಸರಿ ಇರುತ್ತದೆ. ಹೊತ್ತು ಹೋದಂತೆ ಜಾರುತ್ತಾ ಹೋಗುತ್ತದೆ. ಊಟ ಆದ ಮೇಲೆ ಜಾಸ್ತಿ ಆಗದೆ ಏನು?

ಟೈಮ್‌ಔಟ್ ಅಂದರೆ "ಸ್ಕ್ಯಾನರ್ ಎಷ್ಟು ಹೊತ್ತು ಪ್ರಯತ್ನ ಮಾಡಬಹುದು" ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಓಡುವ ಬೆಲ್ಟ್‌ನಲ್ಲಿ ಅದರ ಅರ್ಥ ಬೇರೆ. ಈ ಬಾಕ್ಸ್‌ನ ಉತ್ತರ ಇದರ ಹಿಂದೆ ಬರುವ ಬಾಕ್ಸ್ ಬರುವುದರೊಳಗೆ ಕೊಟ್ಟುಬಿಡು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲಾದರೂ ಹೇಳು ಅಂತ. ಒಂದು ಟ್ರಿಗರ್‌ಗೆ ಒಂದೇ ಉತ್ತರ, ಒಂದು ಉತ್ತರವಂತೂ ಬೇಕೇ ಬೇಕು.

ಸಂಜೆ ಹೊರಡುವ ಮುಂಚೆ ಒಂದು ಅಡ್ಡದಾರಿಯನ್ನೂ ನೋಡಿದೆ. ಟ್ರಿಗರ್ ಕಿತ್ತು ಹಾಕಿ ಸ್ಕ್ಯಾನರನ್ನು ಸದಾ ಓದುವ ಮೋಡ್‌ಗೆ ಹಾಕಿದರೆ? ಆ ಮೋಡ್‌ನಲ್ಲಿ ಒಂದೇ ಲೇಬಲ್ಲನ್ನು ನಾಲ್ಕು ಸಲ ಓದುತ್ತದೆ. ಅದನ್ನು ತಡೆಯಲು "ಅದೇ ಕೋಡ್ ಮತ್ತೆ ಬಂದರೆ ಇಷ್ಟು ಹೊತ್ತು ಬಿಟ್ಟುಬಿಡು" ಅಂತ ಇನ್ನೊಂದು ಟೈಮ್‌ಔಟ್ ಇರುತ್ತದೆ. ಅಂಗಡಿ ಕೌಂಟರ್‌ನಲ್ಲಿ ಅದು ಬಹಳ ಉಪಯೋಗ. ನಮ್ಮಲ್ಲಿ ಒಂದು ಬ್ಯಾಚ್‌ನ ಎಲ್ಲ ಬಾಕ್ಸ್‌ಗೂ ಒಂದೇ ಕೋಡ್! ಆ ಟೈಮ್‌ಔಟ್ ಉದ್ದ ಇಟ್ಟರೆ ಹಿಂದೆ ಬರುವ ನಿಜವಾದ ಬಾಕ್ಸನ್ನೇ ನುಂಗುತ್ತದೆ, ಗಿಡ್ಡ ಇಟ್ಟರೆ ಒಂದು ಬಾಕ್ಸ್ ಎರಡಾಗುತ್ತದೆ. ಮೇಲಾಗಿ ಲೇಬಲ್ ಇಲ್ಲದ ಬಾಕ್ಸ್ ಬಂದರೆ ಅದಕ್ಕೆ ಬಾಕ್ಸ್ ಬಂದದ್ದೇ ಗೊತ್ತಾಗುವುದಿಲ್ಲ. ಹತ್ತು ನಿಮಿಷದಲ್ಲಿ ಆ ದಾರಿ ಮುಚ್ಚಿದೆ.

ಎರಡನೆಯ ದಿನ

ಬೆಳಿಗ್ಗೆ ಮೊದಲು ಟೈಮ್‌ಔಟನ್ನು ಸೀದಾ 500 ಮಾಡಿ ನೋಡಿದೆ. ಎಲ್ಲ ಬಾಕ್ಸೂ ನೋ-ರೀಡ್. ಸಾಲಾಗಿ ಎಲ್ಲವನ್ನೂ ಮೇಜಿಗೆ ತಳ್ಳಿತು. ಅಳತೆ ಇಲ್ಲದೆ ಅಂದಾಜಿನಲ್ಲಿ ಕೈ ಹಾಕಿದರೆ ಇದೇ ಆಗುವುದು ಅಂತ ಟೇಪು, ಚಾಕ್‌ಪೀಸು ತೆಗೆದುಕೊಂಡೆ.

ಬೆಲ್ಟ್ ವೇಗ: ಬೆಲ್ಟ್ ಮೇಲೆ ಚಾಕ್‌ನಿಂದ ಒಂದು ಗೆರೆ, ಪಕ್ಕದ ಫ್ರೇಮಿನ ಮೇಲೆ 4 ಮೀಟರ್ ದೂರಕ್ಕೆ ಎರಡು ಗುರುತು. ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ 10 ಸೆಕೆಂಡ್. ಐದು ಸಲ ನೋಡಿದೆ, ಅಷ್ಟೇ. ಅಂದರೆ ಸೆಕೆಂಡಿಗೆ 400 ಮಿ.ಮೀ. ಬೆಲ್ಟ್ ಮೋಟರ್‌ನ ವೇಗ ಏರಿಸಿ ಇಳಿಸುವ ಡ್ರೈವ್ ಆಗ 50 ಹರ್ಟ್ಜ್‌ನಲ್ಲಿ ಇತ್ತು.

ಲೇಬಲ್‌ನಲ್ಲಿರುವುದು ಕೋಡ್ 128 ಅನ್ನುವ ಬಗೆಯ ಬಾರ್‌ಕೋಡ್. ನಮ್ಮ ಲೇಬಲ್ ಪ್ರಿಂಟರ್ 203 ಡಿಪಿಐ (ಒಂದು ಇಂಚಿಗೆ 203 ಚುಕ್ಕೆ), ಅಂದರೆ ಒಂದು ಚುಕ್ಕೆ 0.125 ಮಿ.ಮೀ. ಅತಿ ತೆಳು ಗೆರೆಗೆ ಮೂರು ಚುಕ್ಕೆ, 0.375 ಮಿ.ಮೀ. ಇಡೀ ಕೋಡ್ ಸುಮಾರು 67 ಮಿ.ಮೀ. ಎರಡು ಬದಿ ಇರಬೇಕಾದ ಖಾಲಿ ಜಾಗ ಸೇರಿ 74.

ಸ್ಕ್ಯಾನರ್‌ಗೆ ಬೆಲ್ಟ್ ಉದ್ದಕ್ಕೆ 120 ಮಿ.ಮೀ. ಕಾಣುತ್ತದೆ. ಇದನ್ನು ಹೇಗೆ ಅಳೆದೆ ಅಂದರೆ, ಒಂದು ಸ್ಕೇಲನ್ನು ಬಾಕ್ಸ್‌ನ ಜಾಗದಲ್ಲಿ ಹಿಡಿದು ಲ್ಯಾಪ್‌ಟಾಪ್‌ನ ಲೈವ್ ಚಿತ್ರದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಕಾಣುತ್ತದೆ ಅಂತ ನೋಡಿದೆ. 120ರಲ್ಲಿ 74 ಪೂರ್ತಿ ಕೂರಬೇಕು. ಉಳಿಯುವುದು 46 ಮಿ.ಮೀ. ಸೆಕೆಂಡಿಗೆ 400 ಓಡುವ ಬೆಲ್ಟ್‌ನಲ್ಲಿ ಆ 46 ಅಂದರೆ 115 ಮಿಲಿಸೆಕೆಂಡ್. ಇಡೀ ಲೇಬಲ್ ಕಣ್ಣಿಗೆ ಬೀಳುವುದು ಇಷ್ಟೇ ಹೊತ್ತು. ಅದರ ಹಿಂದೆ ಮುಂದೆ ನೀವು ಎಷ್ಟು ಸೆಕೆಂಡ್ ಟೈಮ್‌ಔಟ್ ಕೊಟ್ಟರೂ ಸ್ಕ್ಯಾನರ್ ನೋಡುವುದು ಬರೀ ರಟ್ಟನ್ನು. 2000ದಲ್ಲಿ 115 ಮಾತ್ರ ಕೆಲಸಕ್ಕೆ ಬರುತ್ತಿತ್ತು.

ಸೆನ್ಸರ್ ಕಿರಣದಿಂದ ಸ್ಕ್ಯಾನರ್‌ನ ನೋಟ ಶುರುವಾಗುವ ಜಾಗಕ್ಕೆ 100 ಮಿ.ಮೀ., ಮುಗಿಯುವ ಜಾಗಕ್ಕೆ 220. ಬಾಕ್ಸ್‌ನ ಮುಂದಿನ ಅಂಚಿನಿಂದ 60 ಮಿ.ಮೀ. ಹಿಂದೆ ಕೋಡ್ ಶುರು, 134ಕ್ಕೆ ಮುಗಿಯುತ್ತದೆ. ಕೋಡ್‌ನ ಬಾಲ ನೋಟದೊಳಗೆ ಬರಬೇಕಾದರೆ ಬಾಕ್ಸ್‌ನ ಮೂತಿ ಸೆನ್ಸರ್‌ನಿಂದ 234 ಮಿ.ಮೀ. ಮುಂದೆ ಹೋಗಿರಬೇಕು. 280 ದಾಟಿದರೆ ಕೋಡ್‌ನ ತಲೆ ನೋಟದಿಂದ ಹೊರಗೆ. ಟೈಮ್‌ಗೆ ತಿರುಗಿಸಿದರೆ ಟ್ರಿಗರ್ ಬಿದ್ದ 585ನೇ ಮಿಲಿಸೆಕೆಂಡ್‌ನಿಂದ 700ರವರೆಗೆ. ಬೆಳಿಗ್ಗೆ 500 ಇಟ್ಟಾಗ ಎಲ್ಲವೂ ಯಾಕೆ ಬಿದ್ದವು ಅಂತ ಈಗ ತಿಳಿಯಿತು. ಲೇಬಲ್ ಎದುರಿಗೆ ಬರುವ ಮುಂಚೆಯೇ ಅಂಗಡಿ ಮುಚ್ಚುತ್ತಿತ್ತು.

ಲೇಬಲ್ ಅಂಟಿಸುವುದು ಕೈಯಲ್ಲಿ. 15 ಮಿ.ಮೀ. ಆಚೆ ಈಚೆ ಆಗುವುದು ಸಹಜ. ಅದನ್ನೂ ಸೇರಿಸಿದರೆ 547ರಿಂದ 737. ಸ್ವಲ್ಪ ಅಂಚು ಬಿಟ್ಟು ಡಿಲೇ 530, ಟೈಮ್‌ಔಟ್ 230 ಇಟ್ಟೆ. ಒಟ್ಟು 760ಕ್ಕೆ ಉತ್ತರ ಬಂದೇ ತೀರುತ್ತದೆ. ಬಾಕ್ಸ್‌ಗಳು ಬಹಳ ಹತ್ತಿರ ಬಂದರೂ ಮೂತಿಯಿಂದ ಮೂತಿಗೆ 360 ಮಿ.ಮೀ. ಇರುತ್ತದೆ, 900 ಮಿಲಿಸೆಕೆಂಡ್. ಹಿಂದೆ ಬರುವ ಬಾಕ್ಸ್ ತಲುಪುವಷ್ಟರಲ್ಲಿ ಇದರ ಲೆಕ್ಕ ಮುಗಿದಿರುತ್ತದೆ.

ಇಲ್ಲಿ ಒಂದು ಮಾತು. ಟೈಮ್‌ಔಟ್ ಎಣಿಕೆ ಟ್ರಿಗರ್‌ನಿಂದ ಶುರುವಾಗುತ್ತದೋ, ಡಿಲೇ ಮುಗಿದ ಮೇಲೋ? ಇದು ಸ್ಕ್ಯಾನರ್‌ನಿಂದ ಸ್ಕ್ಯಾನರ್‌ಗೆ ಬೇರೆ ಇರಬಹುದು, ಮ್ಯಾನುಯಲ್ ನೋಡಿ. ನಾನು ನೋಡಿದ್ದು ಹೀಗೆ: ಡಿಲೇ 2000, ಟೈಮ್‌ಔಟ್ 5000 ಹಾಕಿ, ಲೇಬಲ್ ಇಲ್ಲದ ಬಾಕ್ಸನ್ನು ನಿಂತ ಬೆಲ್ಟ್ ಮೇಲೆ ಸೆನ್ಸರ್ ಮುಂದೆ ಇಟ್ಟು ಸ್ಟಾಪ್‌ವಾಚ್ ಒತ್ತಿದೆ. ನೋ-ರೀಡ್ 7 ಸೆಕೆಂಡಿಗೆ ಬಂತು. ಅಂದರೆ ನಮ್ಮದರಲ್ಲಿ ಡಿಲೇ ಮುಗಿದ ಮೇಲೆ ಎಣಿಕೆ. 5ಕ್ಕೇ ಬಂದಿದ್ದರೆ ಟ್ರಿಗರ್‌ನಿಂದ. ಊಹೆ ಮಾಡುವುದಕ್ಕಿಂತ ಈ ಒಂದು ನಿಮಿಷದ ಕೆಲಸ ಒಳ್ಳೆಯದು.

ಲೈನ್ ಓಡಿಸಿದೆವು. ಉತ್ತರಗಳ ಲೆಕ್ಕ ಸರಿಹೋಯಿತು. ಆದರೆ ಹೊಸ ತಲೆನೋವು: ಲೇಬಲ್ ಚೆನ್ನಾಗಿರುವ ಬಾಕ್ಸ್‌ಗಳೂ ಆಗಾಗ ನೋ-ರೀಡ್. ಇಷ್ಟು ದಿನ ಉದ್ದದ ಟೈಮ್‌ಔಟ್ ಇದನ್ನು ಮುಚ್ಚಿಟ್ಟಿತ್ತು. ಇವು ಆಗಲೂ ಓದಲಾಗದೆ ಹೋಗುತ್ತಿದ್ದವು, ಹಿಂದೆ ಬರುವ ಬಾಕ್ಸ್‌ನ ಲೇಬಲ್ಲಿನಲ್ಲಿ ಪಾಸಾಗುತ್ತಿದ್ದವು, ಅಷ್ಟೇ. ಸಾಲು ಅಷ್ಟು ಬೇಗ ಜಾರುತ್ತಿದ್ದದ್ದಕ್ಕೆ ಕಾರಣವೂ ಇದೇ.

ನೋ-ರೀಡ್ ಆದ ಚಿತ್ರಗಳನ್ನು ತೆಗೆದು ನೋಡಿದೆ. ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಮಸುಕು. ಎಕ್ಸ್‌ಪೋಷರ್, ಅಂದರೆ ಒಂದು ಚಿತ್ರಕ್ಕೆ ಬೆಳಕು ಹಿಡಿಯುವ ಹೊತ್ತು, 700 ಮೈಕ್ರೋಸೆಕೆಂಡ್ ಇತ್ತು. ಯಾರೋ ಬಾಕ್ಸ್ ನಿಲ್ಲಿಸಿಕೊಂಡು ಆಟೋ ಟ್ಯೂನ್ ಒತ್ತಿದ್ದಾರೆ. ನಿಂತ ಬಾಕ್ಸ್‌ಗೆ 700 ಚೆನ್ನ. ಓಡುವ ಬಾಕ್ಸ್ ಆ 700 ಮೈಕ್ರೋಸೆಕೆಂಡ್‌ನಲ್ಲಿ 0.28 ಮಿ.ಮೀ. ಸರಿಯುತ್ತದೆ. ತೆಳು ಗೆರೆಯೇ 0.375. ಮುಕ್ಕಾಲು ಗೆರೆ ಕಲಸಿಹೋದರೆ ಏನು ಓದುತ್ತದೆ? 300ಕ್ಕೆ ಇಳಿಸಿದೆ. ಆಗ ಸರಿಯುವುದು 0.12, ಗೆರೆಯ ಮೂರನೇ ಒಂದು ಭಾಗ. ಚಿತ್ರ ಕತ್ತಲಾಯಿತು, ಗೇನ್ ಏರಿಸಿ ಒಳಗಿನ ಎಲ್‌ಇಡಿ ಬೆಳಕು ಪೂರ್ತಿ ಮಾಡಿದೆ. ಗೆರೆಗಳು ಬಾಚಣಿಗೆ ಹಲ್ಲಿನ ಹಾಗೆ ಬಿಡಿಬಿಡಿಯಾಗಿ ಕಂಡವು. ನಮ್ಮ ಸ್ಕ್ಯಾನರ್ ಸೆಕೆಂಡಿಗೆ 40 ಚಿತ್ರ ತೆಗೆಯುತ್ತದೆ. 115 ಮಿಲಿಸೆಕೆಂಡ್‌ಗೆ ನಾಲ್ಕು ಅವಕಾಶ. ನಾಲ್ಕರಲ್ಲಿ ಒಂದು ಚಿತ್ರ ಸ್ಪಷ್ಟ ಇದ್ದರೂ ಸಾಕು.

ಲೇಬಲ್ಲನ್ನು ಕಾಲು ಸುತ್ತು ತಿರುಗಿಸಿ ಅಂಟಿಸಿದರೆ, ಅಂದರೆ ಗೆರೆಗಳು ಬೆಲ್ಟ್ ಓಡುವ ದಿಕ್ಕಿಗೇ ಮಲಗಿದ್ದರೆ, ಈ ಕಲಸುವಿಕೆ ಗೆರೆಯ ಉದ್ದಕ್ಕೆ ಆಗುತ್ತದೆ, ಓದಿಗೆ ತೊಂದರೆ ಕಡಿಮೆ. ಹೊಸ ಲೈನ್ ಹಾಕುವವರು ಲೇಬಲ್ ಡಿಸೈನ್ ಮಾಡುವ ಮುಂಚೆಯೇ ಇದನ್ನು ಯೋಚಿಸಬೇಕು. ನಮ್ಮಲ್ಲಿ ಲೇಬಲ್ ಆಗಲೇ ಸಾವಿರಗಟ್ಟಲೆ ಪ್ರಿಂಟ್ ಆಗಿತ್ತು, ಬಿಟ್ಟೆ.

ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಕೆಟ್ಟಿತು. ಸ್ಕ್ಯಾನರ್ ಹತ್ತಿರ ಯಾರೂ ಹೋಗಿರಲಿಲ್ಲ. ಟೇಪ್ ಮಷೀನ್ ಹತ್ತಿರ ಬಾಕ್ಸ್ ಗುಡ್ಡೆ ಬೀಳುತ್ತಿದೆ ಅಂತ ಆಪರೇಟರ್ ಡ್ರೈವ್ 40 ಹರ್ಟ್ಜ್‌ಗೆ ಇಳಿಸಿದ್ದ. ಅವನ ತಪ್ಪಲ್ಲ, ದಿನಾ ಮಾಡುವುದೇ ಅದು. 40 ಹರ್ಟ್ಜ್ ಅಂದರೆ ಸೆಕೆಂಡಿಗೆ 320 ಮಿ.ಮೀ. ಲೇಬಲ್ ಎದುರಿಗೆ ಬರುವುದು ಈಗ 684ರಿಂದ 922ರ ನಡುವೆ ಎಲ್ಲೋ. ನನ್ನ ಅಂಗಡಿ 760ಕ್ಕೇ ಮುಚ್ಚುತ್ತದೆ. ಮಿಲಿಸೆಕೆಂಡ್‌ನಲ್ಲಿ ಬರೆದ ಡಿಲೇ ಒಂದೇ ವೇಗಕ್ಕೆ ಸರಿ.

ಬೆಲ್ಟ್‌ಗೆ ಎನ್‌ಕೋಡರ್ (ಬೆಲ್ಟ್ ಎಷ್ಟು ದೂರ ಓಡಿತು ಅಂತ ಅಳೆಯುವ ಸಾಧನ) ಹಾಕಿ ಡಿಲೇಯನ್ನು ದೂರದಲ್ಲಿ ಎಣಿಸಬಹುದು. ಖರ್ಚು, ವೈರಿಂಗ್, ಪ್ರೋಗ್ರಾಂ. ಚಹಾ ಕುಡಿಯುತ್ತಾ ಆ ಸೆನ್ಸರನ್ನೇ ನೋಡುತ್ತಿದ್ದಾಗ ಹೊಳೆಯಿತು. ಡಿಲೇ ಬೇಕಾಗಿರುವುದೇ ಸೆನ್ಸರ್ ಅಷ್ಟು ಹಿಂದೆ ಇರುವುದಕ್ಕೆ. ಅದನ್ನೇ ಮುಂದೆ ಜರುಗಿಸಿದರೆ? ಲೇಬಲ್ 15 ಮಿ.ಮೀ. ಮುಂದೆ ಅಂಟಿದ್ದರೂ, ಅದು ಪೂರ್ತಿ ಕಾಣುವುದು ಬಾಕ್ಸ್‌ನ ಮೂತಿ 219 ಮಿ.ಮೀ.ಗೆ ಬಂದಾಗಲೇ. ಸೆನ್ಸರನ್ನು 210ಕ್ಕೆ ತಂದರೆ ಟ್ರಿಗರ್ ಬೀಳುವುದೂ ಲೇಬಲ್ ಎದುರಿಗೆ ಬರುವುದೂ ಹೆಚ್ಚುಕಡಿಮೆ ಒಟ್ಟಿಗೇ. ಡಿಲೇ 0. ವೇಗ ಏನೇ ಆಗಲಿ.

ಟೈಮ್‌ಔಟ್ 210ರಿಂದ 295ರವರೆಗೆ, ಅಂದರೆ 85 ಮಿ.ಮೀ. ಓಡುವಷ್ಟು ಹೊತ್ತು ಸಾಕು. 50 ಹರ್ಟ್ಜ್‌ನಲ್ಲಿ 212 ಮಿಲಿಸೆಕೆಂಡ್, 40ರಲ್ಲಿ 266, 30ರಲ್ಲಿ 354. 400 ಇಟ್ಟರೆ ಮೂರಕ್ಕೂ ಆಯಿತು. ಪೂರ್ತಿ ವೇಗದಲ್ಲೂ ಹಿಂದೆ ಬರುವ ಬಾಕ್ಸ್ 900ಕ್ಕೆ ಮುಂಚೆ ತಲುಪುವುದಿಲ್ಲ. ಎರಡು ಬೋಲ್ಟ್ ಸಡಿಲಿಸಿ 210 ಮಿ.ಮೀ. ಜರುಗಿಸುವ ಕೆಲಸ, ಎನ್‌ಕೋಡರ್ ಖರ್ಚು ಉಳಿಯಿತು. ಈ ಮೂರು ದಿನದಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ಕೆಲಸ ಇದೇ.

ಮೂರನೆಯ ದಿನ

ಸೆನ್ಸರ್ ಈಗ ಸ್ಕ್ಯಾನರ್‌ನ ನೋಟದ ಕೆಳಗೇ ಬರುತ್ತದೆ. ಬಾಕ್ಸ್‌ನ ಪಕ್ಕದಲ್ಲಿ ಲೇಬಲ್ ಸ್ವಲ್ಪ ಎತ್ತರದಲ್ಲಿ ಇದೆ, ಆದ್ದರಿಂದ ಸೆನ್ಸರನ್ನು ಬೆಲ್ಟ್‌ನಿಂದ 40 ಮಿ.ಮೀ. ಎತ್ತರಕ್ಕೆ ಇಳಿಸಿದೆ. ಹಳೆಯದು ಎದುರುಗಡೆ ರಿಫ್ಲೆಕ್ಟರ್ ಇಟ್ಟು ಕೆಲಸ ಮಾಡುವ ಸೆನ್ಸರ್. ಆ ರಿಫ್ಲೆಕ್ಟರ್ ಒರೆಸಿದಾಗ ಬಟ್ಟೆ ಕಪ್ಪಾಯಿತು. ಅಗರಬತ್ತಿ ಕಾರ್ಖಾನೆಯಲ್ಲಿ ಇದ್ದಿಲು ಪುಡಿ, ಜಿಗಟು ಪುಡಿ ಗಾಳಿಯಲ್ಲೇ ಇರುತ್ತದೆ. ಜಿಗಟು ಹೆಸರಿಗೆ ತಕ್ಕ ಹಾಗೆ, ತೇವ ತಾಗಿದರೆ ಅಂಟಿ ಕೂರುತ್ತದೆ. ಅದರ ಜೊತೆಗೆ ಶ್ರಿಂಕ್ ಫಿಲ್ಮ್‌ನ ಹೊಳಪು. ಫಿಲ್ಮ್ ಸುಕ್ಕಿನಲ್ಲಿ ಬೆಳಕು ತಿರುಗಿ ಬಂದರೆ ಸೆನ್ಸರ್‌ಗೆ ರಿಫ್ಲೆಕ್ಟರೇ ಕಂಡಂತೆ ಆಗಿ, ಬಾಕ್ಸ್ ಮಧ್ಯದಲ್ಲೇ "ಬಾಕ್ಸ್ ಹೋಯಿತು, ಇನ್ನೊಂದು ಬಂತು" ಅಂತ ಎರಡು ಟ್ರಿಗರ್ ಕೊಡುತ್ತದೆ.

ಸ್ಟೋರ್‌ನಲ್ಲಿ ಒಂದು ಜೋಡಿ ಎದುರುಬದುರು ಸೆನ್ಸರ್ ಇತ್ತು. ಒಂದು ಬೆಳಕು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಬಾಕ್ಸ್ ಅಡ್ಡ ಬಂದರೆ ಬೆಳಕು ಕಡಿಯುತ್ತದೆ, ಹೊಳಪಿಗೆ ಇಲ್ಲಿ ಕೆಲಸ ಇಲ್ಲ. ಅದನ್ನೇ ಹಾಕಿದೆ. ಸಿಗ್ನಲ್ ವೈರನ್ನು ಸೀದಾ ಸ್ಕ್ಯಾನರ್‌ನ ಟ್ರಿಗರ್ ಇನ್‌ಪುಟ್‌ಗೆ ಕೊಟ್ಟೆ. ಮುಂಚೆ ಅದು ಪಿಎಲ್‌ಸಿ ಸುತ್ತಿ ಬರುತ್ತಿತ್ತು. ಪಿಎಲ್‌ಸಿ ಒಂದು ಸುತ್ತು ಮುಗಿಸುವ ಹೊತ್ತು ಒಮ್ಮೆ ಕಡಿಮೆ ಒಮ್ಮೆ ಜಾಸ್ತಿ ಆಗಿ ಟ್ರಿಗರ್ ಅತ್ತಿತ್ತ ಆಗುವುದು ಬೇಡ.

ಆನ್ ಮಾಡಿದರೆ ಒಂದೂ ಓದಲಿಲ್ಲ. ಸ್ವಲ್ಪ ಹೊತ್ತು ಗಾಬರಿ. ಸ್ಕ್ಯಾನರ್ ಬೆಳಕು ಬಾಕ್ಸ್ ಬಂದಾಗ ಹತ್ತದೆ, ಬಾಕ್ಸ್ ದಾಟಿ ಹೋದ ಮೇಲೆ ಹತ್ತುತ್ತಿತ್ತು. ಸೆನ್ಸರ್ ಮೇಲಿನ ಪುಟ್ಟ ಸ್ವಿಚ್ ಲೈಟ್-ಆನ್‌ನಲ್ಲಿ ಇತ್ತು. ಅಂದರೆ ಬೆಳಕು ಬಿದ್ದಾಗ ಔಟ್‌ಪುಟ್ ಆನ್, ಬಾಕ್ಸ್ ಬಂದರೆ ಆಫ್. ಏರುವ ಅಂಚು ಬರುವುದು ಬಾಕ್ಸ್‌ನ ಬಾಲ ದಾಟಿದ ಮೇಲೆ. ಡಾರ್ಕ್-ಆನ್‌ಗೆ ತಿರುಗಿಸಿದೆ, ಸರಿಹೋಯಿತು. ಹೊಸ ಸೆನ್ಸರ್ ಹಾಕಿದಾಗ ಎಲ್ಲವೂ ನೋ-ರೀಡ್ ಆದರೆ ಮೊದಲು ಈ ಸ್ವಿಚ್ ನೋಡಿ.

ಬಾಕ್ಸ್ ಹಿಂದೆ ಫಿಲ್ಮ್‌ನ ಚೂರು ಬಾಲದ ಹಾಗೆ ಅಲ್ಲಾಡುತ್ತಿರುತ್ತದೆ. ಅದರಿಂದ ಆಗೊಮ್ಮೆ ಈಗೊಮ್ಮೆ ಇನ್ನೊಂದು ಟ್ರಿಗರ್ ಬೀಳುತ್ತಿತ್ತು. ಇನ್‌ಪುಟ್ ಡಿಬೌನ್ಸ್ 20 ಮಿಲಿಸೆಕೆಂಡ್ ಹಾಕಿದೆ. ಪೂರ್ತಿ ವೇಗದಲ್ಲಿ ಅದು 8 ಮಿ.ಮೀ. ಅಷ್ಟಕ್ಕಿಂತ ಸಣ್ಣ ಅಡ್ಡಿಗೆ ಸ್ಕ್ಯಾನರ್ ಈಗ ತಲೆ ಎತ್ತುವುದಿಲ್ಲ.

ಬಾಕ್ಸ್ ಅಡ್ಡ ಇರುವಷ್ಟು ಹೊತ್ತೂ ಓದುವ ಮೋಡ್ ಕೂಡ ಇದೆ, ಲೆವೆಲ್ ಟ್ರಿಗರ್. ಅದರಲ್ಲಿ ಬೆಲ್ಟ್ ವೇಗಕ್ಕೆ ತಕ್ಕಂತೆ ಹೊತ್ತು ತಾನೇ ಹೊಂದಿಕೊಳ್ಳುತ್ತದೆ, ಒಳ್ಳೆಯ ಮೋಡ್ ಅದು. ಬರೀ ರಟ್ಟಿನ ಬಾಕ್ಸ್ ಆಗಿದ್ದರೆ ಅದನ್ನೇ ಇಡುತ್ತಿದ್ದೆ. ನಮ್ಮಲ್ಲಿ ಫಿಲ್ಮ್ ಸಹವಾಸ ಇರುವುದರಿಂದ ಕಿರಣ ಮಧ್ಯದಲ್ಲಿ ಒಮ್ಮೆ ಕಣ್ಣು ಮಿಟುಕಿಸಿದರೂ ಒಂದು ಬಾಕ್ಸ್‌ಗೆ ಎರಡು ಉತ್ತರ ಹೋಗುತ್ತದೆ. ಅದಕ್ಕೆ ಅಂಚಿನ ಟ್ರಿಗರ್, 400ರ ಟೈಮ್‌ಔಟ್. ಬಾಕ್ಸ್ ಎದುರಿಗೆ ಇದ್ದಾಗಲೇ ಬೆಲ್ಟ್ ನಿಂತರೆ ಒಂದು ಒಳ್ಳೆ ಬಾಕ್ಸ್ ನೋ-ರೀಡ್ ಆಗುತ್ತದೆ. ದಿನಕ್ಕೆ ಒಂದೋ ಎರಡೋ. ಅದನ್ನು ಅಕ್ಕನಿಗೆ ಮೊದಲೇ ಹೇಳಿ ಒಪ್ಪಿಸಿದೆ.

ಫಿಲ್ಮ್ ಹೊಳಪು ಸ್ಕ್ಯಾನರ್‌ಗೂ ಕಾಡುತ್ತಿತ್ತು. ತನ್ನ ಬೆಳಕೇ ಫಿಲ್ಮ್‌ಗೆ ಬಡಿದು ವಾಪಸ್ ಬಂದು ಕೋಡ್ ಮಧ್ಯೆ ಬಿಳಿ ಮಚ್ಚೆ. ಸ್ಕ್ಯಾನರನ್ನು 15 ಡಿಗ್ರಿ ಓರೆ ಮಾಡಿ ಕಟ್ಟಿದೆ, ಮಚ್ಚೆ ನೋಟದಿಂದ ಹೊರಗೆ ಹೋಯಿತು. ಮುಂದಿನ ಕಿಟಕಿ ಪ್ಲಾಸ್ಟಿಕ್ಕಿನದು, ಮೆತ್ತನೆ ಬಟ್ಟೆಯಲ್ಲಿ ಮಾತ್ರ ಒರೆಸಿ ಅಂತ ಹುಡುಗರಿಗೆ ಹೇಳಿದೆ. ಥಿನ್ನರ್ ತಾಗಿದರೆ ಮಂಜಾಗುತ್ತದೆ, ಆಮೇಲೆ ಯಾವ ಸೆಟ್ಟಿಂಗೂ ಕೆಲಸ ಮಾಡದು.

ಪರೀಕ್ಷೆಗೆ 200 ಬಾಕ್ಸ್. ಎಂಟಕ್ಕೆ ಲೇಬಲ್ ಇಲ್ಲ, ಎರಡಕ್ಕೆ ಕೋಡ್ ಮೇಲೆ ಮಾರ್ಕರ್ ಗೀಚಿದ್ದು. ಈ ಹತ್ತು ಎಲ್ಲೆಲ್ಲಿ ಇವೆ ಅಂತ ಅಕ್ಕನಿಗೆ ಮಾತ್ರ ಗೊತ್ತು, ಅವರೇ ನಡುನಡುವೆ ಸೇರಿಸಿದರು. ಒಂದು ಕಡೆ ಎರಡು ಕೆಟ್ಟ ಬಾಕ್ಸ್ ಬೆನ್ನಿಗೆ ಬೆನ್ನು ಕೂಡ ಇಟ್ಟಿದ್ದರು. ನೂರು ಆದ ಮೇಲೆ ಡ್ರೈವ್ 35 ಹರ್ಟ್ಜ್‌ಗೆ ಇಳಿಸಿದೆ. ಕೊನೆಗೆ ಟ್ರಿಗರ್ 200, ಓದಿದ್ದು 190, ನೋ-ರೀಡ್ 10. ಮೇಜಿನ ಮೇಲೆ ಹತ್ತು ಬಾಕ್ಸ್. ಅಕ್ಕ ಒಂದೊಂದೇ ತಿರುಗಿಸಿ ನೋಡಿದರು. ಹತ್ತೂ ಅವರು ಇಟ್ಟವೇ.

ಅಷ್ಟರಲ್ಲಿ ಕರೆಂಟ್ ಹೋಯಿತು. ಐದು ನಿಮಿಷಕ್ಕೆ ಬಂತು. ಬಂದ ಮೇಲೆ ನೋಡಿದರೆ ಟೈಮ್‌ಔಟ್ ಮತ್ತೆ 2000! ಲ್ಯಾಪ್‌ಟಾಪ್‌ನಿಂದ ಬದಲಾಯಿಸಿದ್ದು ಸ್ಕ್ಯಾನರ್‌ನ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇತ್ತು, ಶಾಶ್ವತವಾಗಿ ಉಳಿಸುವ ಬಟನ್ ಒತ್ತಿರಲಿಲ್ಲ. ಎಲ್ಲ ಮತ್ತೆ ಹಾಕಿ, ಉಳಿಸಿ, ಬೇಕೆಂದೇ ಪ್ಯಾನಲ್ ಮೇನ್ ಆಫ್ ಮಾಡಿ ಆನ್ ಮಾಡಿ ನೋಡಿದೆ. ಸೆಟ್ಟಿಂಗ್ ಫೈಲಿನ ಒಂದು ಪ್ರತಿ ಸೂಪರ್‌ವೈಸರ್ ಕಂಪ್ಯೂಟರ್‌ನಲ್ಲಿ ಇಟ್ಟೆ. ಪಿಎಲ್‌ಸಿಯಲ್ಲೂ ಒಂದು ಸಣ್ಣ ಬದಲಾವಣೆ ಮಾಡಿದೆ: ಟ್ರಿಗರ್ ಸಂಖ್ಯೆ ಮತ್ತು ಉತ್ತರದ ಸಂಖ್ಯೆ ಒಂದಾದರೂ ವ್ಯತ್ಯಾಸ ಆಗಿ ಒಂದು ಸೆಕೆಂಡ್ ದಾಟಿದರೆ ಹಳದಿ ದೀಪ, ಬೆಲ್ಟ್ ನಿಲ್ಲುತ್ತದೆ. ಆಗ ಸ್ಕ್ಯಾನರ್‌ಗೂ ಸಿಲಿಂಡರ್‌ಗೂ ನಡುವೆ ಇರುವ ಬಾಕ್ಸ್‌ಗಳನ್ನು ಎತ್ತಿ ಹಿಂದಕ್ಕೆ ಇಟ್ಟು ಆಮೇಲೆ ರಿಸೆಟ್. ಬಾಕ್ಸ್ ಎತ್ತದೆ ರಿಸೆಟ್ ಮಾತ್ರ ಒತ್ತಿದರೆ ಉತ್ತರಗಳು ಅಳಿಸಿಹೋಗಿ ಬಾಕ್ಸ್‌ಗಳು ಉಳಿಯುತ್ತವೆ, ಸಾಲು ಒಂದೇ ಏಟಿಗೆ ಮೂರು ಹೆಜ್ಜೆ ಜಾರುತ್ತದೆ.

ಪ್ಯಾನಲ್ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದೆ. ಅಂಚಿನ ಟ್ರಿಗರ್, ಡಿಲೇ 0, ಡಿಬೌನ್ಸ್ 20, ಟೈಮ್‌ಔಟ್ 400, ಎಕ್ಸ್‌ಪೋಷರ್ 300, ಸೆನ್ಸರ್ ಡಾರ್ಕ್-ಆನ್. ಅಕ್ಕ ಪಕ್ಕದಲ್ಲೇ ನಿಂತು ಓದಿದರು. "ಬೆಲ್ಟ್ 30ಕ್ಕಿಂತ ಇಳಿಸಬೇಡಿ ಅಂತಾನೂ ಬರೀರಿ ಸಾರ್, ರಾತ್ರಿ ಶಿಫ್ಟಿನೋರು ಇಳಿಸ್ತಾರೆ" ಅಂದರು. ಮಾರ್ಕರನ್ನು ಅವರ ಕೈಗೇ ಕೊಟ್ಟೆ. ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು.